ಸಿರಿಂಜ್ ಕೇಳಿ ಬಂದವರನ್ನು ನಾನು ವಾಪಸ್ ಕಳಿಸುವುದಿಲ್ಲ

ಬಂಗಾರಪೇಟೆ ರೈಲ್ವೆ ಸ್ಟೇಷನ್ ಹತ್ತಿರ ನನ್ನದೊಂದು ಮೆಡಿಕಲ್ ಶಾಪ್ ಇದೆ. ಸಂಜೆ ಹೊತ್ತು ಕೆಲವು ಹುಡುಗರು ಇನ್ಸುಲಿನ್ ಸಿರಿಂಜ್ ಕೇಳಿಕೊಂಡು ಬರುತ್ತಾರೆ. ಅವರಿಗೆ ಸಕ್ಕರೆ ಕಾಯಿಲೆ ಇಲ್ಲ, ನಶೆಗಾಗಿ ಚುಚ್ಚಿಕೊಳ್ಳುತ್ತಾರೆ ಅಂತ ನನಗೆ ಗೊತ್ತು. ಆದರೂ ಕೊಡುತ್ತೇನೆ. ಗದರುವುದಿಲ್ಲ, ದುಡ್ಡು ಜಾಸ್ತಿ ಕೇಳುವುದಿಲ್ಲ.

ಸಿರಿಂಜ್ ಸಿಗಲಿಲ್ಲ ಅಂತ ಯಾರೂ ಚುಚ್ಚಿಕೊಳ್ಳುವುದನ್ನು ಬಿಡುವುದಿಲ್ಲ. ಗೆಳೆಯ ಬಳಸಿದ್ದನ್ನೇ ನೀರಲ್ಲಿ ತೊಳೆದು ಬಳಸುತ್ತಾರೆ. ಎಚ್‌ಐವಿ ಹರಡುವುದು ಹೀಗೆ. ಹೆಪಟೈಟಿಸ್ ಸಿ ಅಂತೂ ಇನ್ನೂ ಸುಲಭವಾಗಿ ಅಂಟುತ್ತದೆ. ಒಂದೇ ಚಮಚ, ಒಂದೇ ಹತ್ತಿ ಹಂಚಿಕೊಂಡರೂ ಬರಬಹುದು. ಅದಕ್ಕೇ ಸಿರಿಂಜ್ ಕೊಡುವಾಗ ಸ್ಪಿರಿಟ್ ಹತ್ತಿಯನ್ನೂ ಕೊಟ್ಟು, "ಒಬ್ಬರಿಗೆ ಒಂದು, ಒಂದು ಸಲಕ್ಕೆ ಒಂದು" ಅಂತ ಹೇಳುತ್ತೇನೆ.

ಟಾಪೆಂಟಡಾಲ್ ಮಾತ್ರೆಯನ್ನು ಮಾತ್ರ ಡಾಕ್ಟರ್ ಚೀಟಿ ಇಲ್ಲದೆ ಕೊಡುವುದಿಲ್ಲ. ಎಷ್ಟೇ ಗೋಗರೆದರೂ ಇಲ್ಲ. ಅದು ನೋವಿನ ಮಾತ್ರೆ. ಹುಡುಗರು ಪುಡಿ ಮಾಡಿ, ಕರಗಿಸಿ ಚುಚ್ಚಿಕೊಳ್ಳುತ್ತಾರೆ. ನುಂಗುವ ಮಾತ್ರೆಯಲ್ಲಿ ಔಷಧಿ ಅಷ್ಟೇ ಅಲ್ಲ, ಬೇರೆ ಪುಡಿಗಳೂ ಇರುತ್ತವೆ ಅಲ್ವಾ? ಅವು ಪೂರ್ತಿ ಕರಗುವುದಿಲ್ಲ. ರಕ್ತನಾಳ ಕಟ್ಟಿಕೊಳ್ಳುತ್ತದೆ, ಕೈ ಊದಿ ಕೀವಾಗುತ್ತದೆ. ತುಂಬು ತೋಳಿನ ಅಂಗಿ ಹಾಕಿ ಆ ಗಾಯ ಮುಚ್ಚಿಕೊಂಡು ಓಡಾಡುತ್ತಾರೆ. ಆಸ್ಪತ್ರೆಗೆ ಹೋದರೆ ಬೈಯುತ್ತಾರೆ, ಪೊಲೀಸರಿಗೆ ಹೇಳುತ್ತಾರೆ ಅನ್ನುವ ಹೆದರಿಕೆ. ಎಷ್ಟೋ ಸಲ ಅಂಗಡಿ ಮುಚ್ಚಿ ನಾನೇ ಜೊತೆಯಲ್ಲಿ ಹೋಗಿದ್ದೇನೆ.

"ನಿನ್ನ ಮೇಲೆ ಕೇಸ್ ಹಾಕ್ತಾರೆ ನೋಡು" ಅಂತ ಅಕ್ಕಪಕ್ಕದವರು ಹೇಳುತ್ತಿದ್ದರು. ಏಡ್ಸ್ ತಡೆಯುವ ಕೇಂದ್ರ ಸರ್ಕಾರದ ಸಂಸ್ಥೆ ನ್ಯಾಕೋ ಅಡಿಯಲ್ಲಿ ಸರ್ಕಾರವೇ ಹೊಸ ಸಿರಿಂಜ್ ಹಂಚುತ್ತದೆ. ಮಾರ್ಗಸೂಚಿ ಪ್ರಕಾರ ಹಾಗೆ ಹಂಚುವುದು ಅಪರಾಧವಲ್ಲ ಅಂತ 2017ರ ಎಚ್‌ಐವಿ ಕಾಯ್ದೆಯ 22ನೇ ಸೆಕ್ಷನ್ ಹೇಳುತ್ತದೆ. ಇದನ್ನು ಬೀಟ್ ಪೊಲೀಸಿನವರಿಗೂ ಹೇಳಿದೆ.

ಒಬ್ಬ ಹುಡುಗನ ತಾಯಿ ಮಾತ್ರ ಅಂಗಡಿ ಮುಂದೆಯೇ ನಿಂತು ಕೂಗಿದರು. "ಏನಪ್ಪಾ, ಸೂಜಿ ಕೊಟ್ಟು ನನ್ನ ಮಗನ್ನ ಹಾಳು ಮಾಡ್ತೀಯಾ?" ಒಳಗೆ ಕೂರಿಸಿದೆ. "ಅಮ್ಮಾ, ಅವನು ಬಿಡೋ ದಿನ ಬಂದೇ ಬರುತ್ತೆ. ಅಲ್ಲಿವರೆಗೂ ಅವನಿಗೆ ದೊಡ್ಡ ಕಾಯಿಲೆ ಅಂಟಬಾರದು ಅಂತ ಕೊಡ್ತಿದ್ದೀನಿ" ಅಂದೆ. ಅವತ್ತು ಅವರು ಒಪ್ಪಲಿಲ್ಲ.

ಜೀವಕ್ಕೆ ಹೆಚ್ಚು ಕುತ್ತು ಬರುವುದು ಟಾಪೆಂಟಡಾಲ್ ಜೊತೆ ಹೆಂಡ, ನಿದ್ದೆ ಮಾತ್ರೆ ಸೇರಿದಾಗ. ಜೈಲಿನಿಂದಲೋ ಚಿಕಿತ್ಸೆಯಿಂದಲೋ ಬಂದು ಹಳೆಯ ಅಳತೆಯಲ್ಲೇ ತಗೊಂಡವರಿಗೂ ಹೀಗೇ ಆಗುತ್ತದೆ. ಅಷ್ಟರಲ್ಲಿ ಮೈ ಅದನ್ನು ತಡೆಯುವ ಶಕ್ತಿ ಕಳೆದುಕೊಂಡಿರುತ್ತದೆ. ತುಟಿ ನೀಲಿಯಾಗಿ ಉಸಿರು ನಿಧಾನವಾದರೆ 108ಕ್ಕೆ ಫೋನ್ ಮಾಡಿ, ಪಕ್ಕಕ್ಕೆ ತಿರುಗಿಸಿ ಮಲಗಿಸಿ, ಏನು ತಗೊಂಡಿದ್ದಾನೆ ಅಂತ ಮುಚ್ಚಿಡದೆ ಹೇಳಿ ಅಂತ ಎಲ್ಲರಿಗೂ ಹೇಳಿಕೊಡುತ್ತೇನೆ. ಆಸ್ಪತ್ರೆಯಲ್ಲಿ ನ್ಯಾಲೊಕ್ಸೋನ್ ಇಂಜೆಕ್ಷನ್ ಸಮಯಕ್ಕೆ ಸಿಕ್ಕರೆ ಉಸಿರು ಮರಳುತ್ತದೆ.

ಆ ತಾಯಿ ಆಮೇಲೆ ಬಂದು, "ಬಿಡಿಸೋಕೆ ಏನಾದ್ರೂ ದಾರಿ ಇದೆಯಾ?" ಅಂತ ಕೇಳಿದರು. ಬುಪ್ರೆನಾರ್ಫಿನ್ ಬಗ್ಗೆ ಹೇಳಿದೆ. ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮಾತ್ರೆ. ಮೈಕೈ ನೋವು, ಚಡಪಡಿಕೆ ತಡೆಯುತ್ತದೆ, ಚುಚ್ಚಿಕೊಳ್ಳುವ ಆಸೆ ತಗ್ಗಿಸುತ್ತದೆ. ನಮ್ಮಂಥ ಅಂಗಡಿಯಲ್ಲಿ ಅದನ್ನು ಮಾರುವುದಿಲ್ಲ, ಚಿಕಿತ್ಸಾ ಕೇಂದ್ರದಲ್ಲೇ ತಗೊಳ್ಳಬೇಕು. ನಾನು ನಿಮ್ಹಾನ್ಸ್‌ಗೆ ಕಳಿಸಿದೆ. ಈಗ ತಾಯಿ ಮಗ ಇಬ್ಬರೂ ಮಾರಿಕುಪ್ಪಂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುತ್ತಾರೆ. ಹೋದ ದಿನ ಅವನ ಕೂಲಿ ತಪ್ಪುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಸರ್ಕಾರಿ ಕೇಂದ್ರಗಳೇ ಕೆಲವು ದಿನಗಳ ಮಾತ್ರೆ ಮನೆಗೆ ಕೊಟ್ಟಿದ್ದವು. ಇಂಥ ಚಿಕಿತ್ಸೆ ಬಂಗಾರಪೇಟೆಯಲ್ಲೇ ಸಿಗಬೇಕು ಅಂತ ಅರ್ಜಿ ಬರೆದಿದ್ದೇನೆ. ಆ ತಾಯಿಯೂ ಸಹಿ ಹಾಕಿದ್ದಾರೆ.