ಹಿಮ ಬೀಳದ ಊರಲ್ಲಿ ಸ್ನೋಮ್ಯಾನ್‌ಗೆ ಅಲಂಕಾರ

ಡಿಸೆಂಬರ್ ಬಂತು ಅಂದ್ರೆ ನಮ್ಮ ಅಪಾರ್ಟ್‌ಮೆಂಟ್ ಲಾಬಿಲಿ ಸ್ನೋಮ್ಯಾನ್ ನಿಲ್ಲಿಸಲೇಬೇಕು ಅಂತ ಮಕ್ಕಳ ಹಠ, ಆ ಕೆಲಸ ನನ್ನ ತಲೆಗೇ ಬರುತ್ತೆ ಯಾಕಂದ್ರೆ ವರಮಹಾಲಕ್ಷ್ಮಿಗೆ ಸೀರೆ ಉಡಿಸೋದು ಚೆನ್ನಾಗಿ ಬರುತ್ತೆ ಅಂತ ಬಿಲ್ಡಿಂಗ್‌ಗೆಲ್ಲ ಗೊತ್ತು. ನಿಜ ಹೇಳ್ಬೇಕಂದ್ರೆ ಎರಡೂ ಒಂದೇ ಕೈಚಳಕ. ಒಳಗೆ ಹಳೇ ಬಿಂದಿಗೆ, ಮೇಲೆ ಚೊಂಬು, ಸುತ್ತ ನ್ಯೂಸ್‌ಪೇಪರ್ ಉಂಡೆ ಕಟ್ಟಿ ದಾರ ಬಿಗಿದು, ಅದರ ಮೇಲೆ ಹಳೇ ದಿಂಬಿನ ಪಾಲಿಯೆಸ್ಟರ್ ಹತ್ತಿ. ಥರ್ಮಾಕೋಲ್ ಸುಲಭ ಅಂತಾರೆ, ಆದ್ರೆ ಅಲಂಕಾರಕ್ಕೆ ಅದನ್ನ ಬಳಸೋದು 2022ರ ಜುಲೈ 1ರಿಂದ ದೇಶದಲ್ಲೇ ಬ್ಯಾನ್.

ಅಮೆರಿಕದ ಮೇನ್ ರಾಜ್ಯದಲ್ಲಿ ಬೆಥೆಲ್ ಅಂತ ಒಂದೂರು, ಅಲ್ಲಿ 2008ರಲ್ಲಿ 122 ಅಡಿ ಎತ್ತರದ ಹಿಮದ ಹೆಂಗಸನ್ನ ಮಾಡಿದ್ರು, ರೆಪ್ಪೆಗೆ ಸ್ಕೀಗಳು, ತುಟಿಗೆ ಕೆಂಪು ಬಣ್ಣ ಬಳಿದ ಕಾರ್ ಟೈರು, ಕೈಗಳಿಗೆ ಇಡೀ ಮರಗಳೇ! ಆ ಊರಲ್ಲಿ ಏನು ಸಿಗುತ್ತೋ ಅದನ್ನೇ ಹಾಕಿದಾರೆ ನೋಡಿ. ಹಂಗಿರೋವಾಗ ನಾವ್ಯಾಕೆ ಅಂಗಡೀಲಿ ಸಿಗೋ ಪ್ಲಾಸ್ಟಿಕ್ ಕಣ್ಣು, ಫೆಲ್ಟ್ ಟೋಪಿ ತಂದು ಅಂಟಿಸಬೇಕು ಅನ್ನಿಸ್ತು.

ಕಣ್ಣಿಗೆ ಇದ್ದಿಲು. ಬೀದಿ ಕೊನೇಲಿ ತಳ್ಳುಗಾಡಿಯ ಇಸ್ತ್ರಿ ಅಣ್ಣ ಇನ್ನೂ ಇದ್ದಿಲ ಪೆಟ್ಟಿಗೇನೇ ಇಟ್ಕೊಂಡಿದಾರೆ, ಗ್ಯಾಸ್‌ಗೆ ಹೋಗಿಲ್ಲ, ಕೇಳಿದ್ರೆ ನಗ್ತಾ ಒಂದು ಹಿಡಿ ಕೊಟ್ರು. ಹಾಗೇ ಇಟ್ರೆ ಹತ್ತಿಗೆಲ್ಲ ಮಸಿ ಹತ್ತುತ್ತೆ, ಅದಕ್ಕೆ ಫೆವಿಕಾಲ್‌ಗೆ ಸ್ವಲ್ಪ ನೀರು ಬೆರೆಸಿ ಇದ್ದಿಲಿಗೆ ಬಳಿದು ಒಣಗಿಸಿದ್ರೆ ಮಸೀನೂ ಬಿಡಲ್ಲ, ಒಂಚೂರು ಮಿಂಚೂ ಬರುತ್ತೆ, ಆ ಮಿಂಚಿನಿಂದಲೇ ಮುಖಕ್ಕೆ ಜೀವ. ಎರಡು ಕಣ್ಣೂ ಒಂದೇ ಸೈಜ್ ಹುಡುಕ್ಬೇಡಿ, ಸ್ವಲ್ಪ ಹೆಚ್ಚುಕಮ್ಮಿ ಇದ್ರೇ ತುಂಟನ ಥರ ಕಾಣ್ತಾನೆ.

ಮೂಗಿಗೆ ಊಟಿ ಕ್ಯಾರೆಟ್. ಬೇಗ ಬಾಡುತ್ತೆ, ಬಾಡಿದ್ರೆ ಬದಲಾಯಿಸೋದು, ಅಷ್ಟೆ.

ಟೋಪಿ ವಿಷಯಕ್ಕೆ ಮನೇಲಿ ದೊಡ್ಡ ಚರ್ಚೆ. ಮಕ್ಕಳಿಗೆ ಮೈಸೂರು ಪೇಟ ಬೇಕಿತ್ತು, ಚೆನ್ನಾಗೇನೋ ಇರುತ್ತೆ, ಆದ್ರೆ ಪೇಟ ಹಾಕಿದ ತಕ್ಷಣ ಇದು ಯಾವುದೋ ಸನ್ಮಾನ ಸಮಾರಂಭ ಆಗೋಗುತ್ತೆ. ನಾನು ಮಾವನವರ ಮಂಕಿ ಕ್ಯಾಪ್ ಹಾಕಿದೆ. ಡಿಸೆಂಬರ್ ಬೆಳಿಗ್ಗೆ ಲಾಲ್‌ಬಾಗ್‌ಗೆ ವಾಕಿಂಗ್ ಹೋದೋರಿಗೆ ಬೇರೆ ವಿವರಣೆ ಬೇಡ, ಲಿಫ್ಟ್‌ನಿಂದ ಇಳಿದೋರೆಲ್ಲ ನಗೋರು.

ನನಗೆ ತುಂಬಾ ಇಷ್ಟ ಆಗಿದ್ದು ಮಾತ್ರ ಕಡ್ಲೆಕಾಯಿ ಹಾರ. ಕಾರ್ತಿಕದ ಕೊನೇ ಸೋಮವಾರ ಬಸವನಗುಡೀಲಿ ಪರಿಷೆ ಆಗುತ್ತಲ್ಲ, ಅಲ್ಲಿಂದ ತಂದಿದ್ದು ಮನೇಲಿ ಇದ್ದೇ ಇರುತ್ತೆ. ಎರಡು ಬೀಜದ ಕಾಯಿ ಆರಿಸ್ಕೊಂಡು, ನಡುವೆ ಸಣ್ಣಗೆ ಸೊಂಟದ ಥರ ಇರುತ್ತಲ್ಲ ಅಲ್ಲಿ ದಪ್ಪ ಸೂಜಿ ಚುಚ್ಚಿ ಪೋಣಿಸಬೇಕು, ಬೀಜಕ್ಕೆ ತಗಲಲ್ಲ, ಸಿಪ್ಪೇನೂ ಸೀಳಲ್ಲ. ಬಿಳಿ ಹತ್ತಿ ಮೇಲೆ ಆ ಮಣ್ಣಿನ ಬಣ್ಣ ಎಷ್ಟು ಚೆನ್ನಾಗಿ ಎದ್ದು ಕಾಣುತ್ತೆ ಅಂದ್ರೆ ಬೇರೆ ಬಟನ್ನೇ ಬೇಡ. ಒಂದೇ ಕಷ್ಟ, ಅಳಿಲು.

ಕತ್ತಿಗೆ ಮಫ್ಲರ್ ಬದಲು ಗೆಜ್ಜೆವಸ್ತ್ರ ಮಾಡೋಣ ಅಂದಾಗ ಅತ್ತೆ ಮುಖ ನೋಡ್ಬೇಕಿತ್ತು. "ದೇವರಿಗೆ ಹಾಕೋದನ್ನ ಇವನಿಗೆ ಹಾಕ್ತೀಯೇನಮ್ಮ?" ಅಂದ್ರು. ಅರಿಶಿನ ಕುಂಕುಮ ಹಚ್ಚದೆ ಬರೀ ಹತ್ತೀದು ಅಂದ್ಮೇಲೆ ಅವರೇ ಕೂತು ನನಗಿಂತ ನೀಟಾಗಿ ಹೊಸೆದುಕೊಟ್ರು.

ಸೀರಿಯಲ್ ಸೆಟ್ ಹಾಕೋದಾದ್ರೆ ಎಲ್‌ಇಡಿದೇ ಹಾಕಿ, ಹತ್ತಿ ಒಳಗೆ ತುರುಕ್ಬೇಡಿ, ಬುಡದ ಸುತ್ತ ತಟ್ಟೇಲಿ ಕಲ್ಲುಪ್ಪು ಹರಡಿ ಅದರ ಹಿಂದೆ ಬಿಡಿ, ಬೆಳಕು ಬಿದ್ರೆ ಉಪ್ಪು ಥೇಟ್ ಹಿಮದ ಹಾಗೆ ಹೊಳೆಯುತ್ತೆ.

ಈ ಸಲ ಪಂಚೆ ಉಡಿಸಿ ಅಂತಿದಾರೆ ಮಕ್ಕಳು. ಕಾಲೇ ಇಲ್ದೋನಿಗೆ ಕಚ್ಚೆ ಎಲ್ಲಿಂದ ಹಾಕೋದು, ಅಡ್ಡಪಂಚೆ ಆದ್ರೆ ನೋಡಣ.