47ಕ್ಕೆ ಕಾಲೇಜು ಬದಲಾಯಿಸಿ ಸಾಹಿತ್ಯ ಓದುವುದು ಹೇಗೆ

ಹಾಸನದಲ್ಲಿ ಬಿಎ ಮೊದಲ ವರ್ಷ ಮುಗಿಸಿ 1996ರಲ್ಲಿ ಮದುವೆಯಾದೆ. ಓದು ಅಲ್ಲಿಗೇ ನಿಂತಿತು. ಮಗಳು ಹಾಸ್ಟೆಲ್‌ಗೆ ಹೋದ ಮೇಲೆ ಸ್ಯಾನ್ ಹೋಸೆಯಲ್ಲಿ ಮನೆ ಹತ್ತಿರದ ಕಮ್ಯುನಿಟಿ ಕಾಲೇಜಿಗೆ, ಅಂದರೆ ಡಿಗ್ರಿಯ ಮೊದಲ ಎರಡು ವರ್ಷ ಓದಿಸುವ ಕಾಲೇಜಿಗೆ, ಸೇರಿದೆ. ಅಲ್ಲಿಂದ 47ನೇ ವಯಸ್ಸಿಗೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ (ಯುಸಿ) ಸ್ಯಾಂಟಾ ಕ್ರೂಜ್ ಕ್ಯಾಂಪಸ್ಸಿಗೆ ಬಂದೆ. ಕ್ಯಾಲಿಫೋರ್ನಿಯಾದಲ್ಲಿ ಇದೇ ದಾರಿ ಹಿಡಿಯುವ ಯೋಚನೆ ಇದ್ದರೆ, ನನ್ನಿಂದ ಇಷ್ಟು ಕೇಳಿಸಿಕೊಳ್ಳಿ.

ಮೊದಲು ಅಸಿಸ್ಟ್ ವೆಬ್‌ಸೈಟ್ ತೆರೆಯಿರಿ. ನಿಮ್ಮ ಕಾಲೇಜು, ಹೋಗಬೇಕಾದ ಯೂನಿವರ್ಸಿಟಿ, ಮೇಜರ್ ಆರಿಸಿದರೆ ಇಲ್ಲಿನ ಯಾವ ಕೋರ್ಸ್ ಅಲ್ಲಿನ ಯಾವುದಕ್ಕೆ ಸಮ ಅಂತ ತೋರಿಸುತ್ತದೆ. ಪ್ರಿಂಟ್ ತೆಗೆದು ಫ್ರಿಜ್ಜಿಗೆ ಅಂಟಿಸಿ. ನಾನು ಅದನ್ನು ನೋಡದೆ, "ಈ ಕೋರ್ಸ್ ನಡೆಯುತ್ತೆ" ಅಂದ ಕೌನ್ಸೆಲರ್ ಮಾತು ನಂಬಿದೆ. ನಡೆಯಲಿಲ್ಲ. ಒಂದು ಟರ್ಮು, ಅದರ ಫೀಸು, ಎರಡೂ ಹೋದವು. ಸಿಟ್ಟಿಲ್ಲ ಅಂದರೆ ಸುಳ್ಳಾಗುತ್ತದೆ.

ಯುಸಿಯಲ್ಲಿ ನೇರ ಮೂರನೇ ವರ್ಷಕ್ಕೆ ಸೇರಲು 60 ಸೆಮಿಸ್ಟರ್ ಯೂನಿಟ್ (ಕ್ರೆಡಿಟ್) ಬೇಕು, ಕ್ವಾರ್ಟರ್ ಲೆಕ್ಕದಲ್ಲಿ 90. ಸೀಟು ಖಾತ್ರಿ ಮಾಡುವ 'ಟ್ಯಾಗ್' ಅರ್ಜಿ ಹಾಕೋದು ಸೆಪ್ಟೆಂಬರ್‌ನಲ್ಲಿ ಮಾತ್ರ, ಅದೂ ಒಂದೇ ಕ್ಯಾಂಪಸ್ಸಿಗೆ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋಗೆ ಈ ಸೌಲಭ್ಯ ಇಲ್ಲ. ಟ್ಯಾಗ್ ಹಾಕಿದೆ ಅಂತ ಸುಮ್ನೆ ಕೂರಬೇಡಿ, ಮುಖ್ಯ ಅರ್ಜಿಯನ್ನೂ ಹಾಕಬೇಕು.

ಊರಲ್ಲಿ ಅರ್ಧಕ್ಕೆ ಬಿಟ್ಟ ಓದನ್ನು ಮುಚ್ಚಿಡಬೇಡಿ. ಹಿಂದೆ ಓದಿದ ಕಾಲೇಜುಗಳನ್ನೆಲ್ಲ ತಿಳಿಸಲೇಬೇಕು. ನನ್ನ ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು. ಇಬ್ಬರೂ ನಾನೇ ಅಂತ ತೋರಿಸಲು ಮದುವೆ ಸರ್ಟಿಫಿಕೇಟ್ ಜೊತೆಗಿಟ್ಟೆ.

ಸೇರಿದ ಮೇಲೆ ಹೊಡೆತ ಕೊಡೋದು ಕ್ವಾರ್ಟರ್. ಹತ್ತೇ ವಾರ ಪಾಠ. ದಸರಾ ಗೊಂಬೆ ಇಡುವ ಆಸುಪಾಸಿನಲ್ಲಿ ಶುರುವಾಗುತ್ತದೆ, ದೀಪಾವಳಿ ಹೊತ್ತಿಗೆ ಅರ್ಧ ಮುಗಿದೇ ಹೋಗಿರುತ್ತದೆ. ಹಬ್ಬಕ್ಕೆ ಚಕ್ಕುಲಿ ಅಂಗಡಿಯಿಂದ ತನ್ನಿ. ಸ್ಯಾನ್ ಹೋಸೆಯಿಂದ ಸ್ಯಾಂಟಾ ಕ್ರೂಜ್‌ಗೆ ಬರುವ ಹೈವೇ 17ರ ಬಸ್ಸಿನಲ್ಲಿ ಓದಿಕೊಳ್ಳೋಣ ಅನ್ನೋ ಆಸೆಯೂ ಬೇಡ. ಆ ರಸ್ತೆ ಚಾರ್ಮಾಡಿ ಘಾಟಿಯ ತಂಗಿ. ಪುಟ ನೋಡಿದರೆ ಹೊಟ್ಟೆ ತೊಳಸುತ್ತದೆ. ನಾನು ಫೋನಿನಿಂದ ಓದಿಸಿಕೊಂಡು ಕೇಳುತ್ತೇನೆ.

ಇನ್ನು ಬರೆಯೋದು. ನಮಗೆ ಬಂದದ್ದು ಗೈಡ್ ಬಾಯಿಪಾಠ ಮಾಡಿ ಒಪ್ಪಿಸುವ ಓದು, ಅಲ್ವಾ? ಮೊದಲ ಪ್ರಬಂಧದಲ್ಲಿ ಹೋಮರನ ಗ್ರೀಕ್ ಮಹಾಕಾವ್ಯ 'ಒಡಿಸ್ಸಿ'ಯ ಕತೆಯನ್ನು ಐದು ಪುಟ ಚೆನ್ನಾಗಿಯೇ ಹೇಳಿದ್ದೆ. "ಕತೆ ನನಗೂ ಗೊತ್ತು" ಅಂತ ಬರೆದು ವಾಪಸ್ ಕೊಟ್ಟರು. ಆಮೇಲೆ ನೆನಪಾದದ್ದು ತೀರ್ಥಹಳ್ಳಿ ಕಡೆ ಅಜ್ಜನ ಮನೆಯ ತಾಳಮದ್ದಳೆ. ಅಲ್ಲಿ ಅರ್ಥಧಾರಿಗೆ ಕತೆ ಗೊತ್ತಿದ್ದರಷ್ಟೇ ಸಾಲದು, ತನ್ನ ಪಾತ್ರದ ಪರ ವಾದ ಹೂಡಬೇಕು, ಎದುರಿನವನ ಪಟ್ಟಿಗೆ ಜಗ್ಗಬಾರದು. ಪ್ರಬಂಧವನ್ನೂ ಹಾಗೇ ಬರೆಯಿರಿ.

ಚರ್ಚೆಯ ದಿನ ಪ್ರಶ್ನೆ ಇದ್ದದ್ದು: 20 ವರ್ಷದ ಮೇಲೆ ಭಿಕ್ಷುಕನ ವೇಷದಲ್ಲಿ ಬಂದ ಗಂಡ ಒಡಿಸ್ಸಿಯಸ್‌ನನ್ನು ಹೆಂಡತಿ ಪೆನೆಲೊಪಿ ಯಾವಾಗ ಗುರುತು ಹಿಡಿದಳು? ನನ್ನ ಪಕ್ಕದ ಹುಡುಗ, ತಾನೇ ಮಾಡಿದ ಮಂಚದ ಗುಟ್ಟನ್ನು ಗಂಡ ಬಾಯಿಬಿಡೋವರೆಗೂ ಅವಳಿಗೆ ಗೊತ್ತೇ ಇರಲಿಲ್ಲ ಅಂದ. "ಹೆಂಡತಿಗೆ ಗೊತ್ತಾಗದೆ ಇರುತ್ತಾ" ಅಂದೆ. "ಯಾವ ಸಾಲಿನಲ್ಲಿದೆ?" ಅಂತ ಕೇಳಿದ. ಬಾಯಿ ಕಟ್ಟಿತು. ನಮ್ಮ ವಯಸ್ಸಿನವರು ಎಡವೋದು ಇಲ್ಲೇ. ಸಂಸಾರ ಮಾಡಿದವರಿಗೆ ಅನುಮಾನ ಬೇಗ ಹುಟ್ಟುತ್ತದೆ, ಆದರೆ ಸಾಲು ಹುಡುಕಿ ತೋರಿಸಲೇಬೇಕು.

ಆ ರಾತ್ರಿ ಕುಕ್ಕರ್ ಇಟ್ಟು ಹುಡುಕಿದೆ, ಸೀಟಿ ಎಷ್ಟಾಯಿತೋ ಲೆಕ್ಕ ತಪ್ಪಿತು. 19ನೇ ಸರ್ಗದಲ್ಲಿ ಸಿಕ್ಕಿತು. ಆ ಭಿಕ್ಷುಕನಿಗೇ ಆಕೆ ತನ್ನ ಕನಸು ಹೇಳುತ್ತಾಳೆ, ಬಿಲ್ಲಿನ ಸ್ಪರ್ಧೆ ಇಡುವ ವಿಷಯವನ್ನೂ ಹೇಳುತ್ತಾಳೆ. ಯಾರೋ ಬೀದಿಯವನ ಹತ್ತಿರ ಇಷ್ಟೆಲ್ಲ ಮಾತಾಡುತ್ತಾರಾ? ಸಾಲಿಗೆ ಹಳದಿ ಗೆರೆ ಎಳೆದು ತೋರಿಸಿದೆ. ಹುಡುಗ ಇನ್ನೂ ಒಪ್ಪಿಲ್ಲ. ಗುರುವಾರ ಲೈಬ್ರರಿಯಲ್ಲಿ ಮತ್ತೆ ಕೂರುತ್ತೇವೆ.