ಒಂದೇ ಕುಕ್ಕರಿನಲ್ಲಿ ಕೋಳಿ ಖೀಮಾ ಚಿಲ್ಲಿ

ನಮ್ಮ ರಾಯಚೂರಿನಲ್ಲಿ ಚಿಲ್ಲಿ ಅಂದ್ರೆ ಗಾಡಿಯ ಚಿಲ್ಲಿ ಚಿಕನ್ ನೆನಪಾಗುತ್ತದೆ, ಅಲ್ವಾ? ಇದು ಬೇರೆ. ಅಮೆರಿಕದ ಟೆಕ್ಸಾಸ್ ಕಡೆಯ ಗಟ್ಟಿ ಮಾಂಸದ ಸಾರು. ಅಲ್ಲಿ ದನದ ಮಾಂಸ ಹಾಕುತ್ತಾರೆ. ನಾನು ಚರ್ಮ ತೆಗೆದ ಕೋಳಿ ಎದೆಯ ಖೀಮಾ ಹಾಕುತ್ತೇನೆ, ಕೊಬ್ಬು ಕಡಿಮೆ.

ಒಂದು ಕಪ್ ರಾಜ್ಮಾ ರಾತ್ರಿಯೇ ನೆನೆಹಾಕಿ. ಬೆಳಿಗ್ಗೆ ಆ ನೀರು ಚೆಲ್ಲಿ, ಹೊಸ ನೀರು ಹಾಕಿ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ ತೆಗೆದಿಡಿ. ಅರೆಬೆಂದ ರಾಜ್ಮಾ ಬೇಡವೇ ಬೇಡ, ವಾಂತಿ-ಭೇದಿ ಆಗಬಹುದು.

ಅದೇ ಕುಕ್ಕರಿಗೆ ಎರಡು ಚಮಚ ಎಣ್ಣೆ, 2 ಈರುಳ್ಳಿ, ಬೆಳ್ಳುಳ್ಳಿ. ಕೆಂಪಗಾದ ಮೇಲೆ ಅರ್ಧ ಕೆಜಿ ಖೀಮಾ. ಇಲ್ಲಿ ಅವಸರ ಮಾಡಬೇಡಿ. ಮಾಂಸ ನೀರು ಬಿಡುತ್ತದೆ. ಅದು ಇಂಗುವವರೆಗೆ ದೊಡ್ಡ ಉರಿಯಲ್ಲಿ ಹುರಿಯಿರಿ, ಇಲ್ಲದಿದ್ದರೆ ಸಪ್ಪೆ. ಆಮೇಲೆ ಒಂದು ಚಮಚ ಹುರಿದ ಜೀರಿಗೆ ಪುಡಿ, 2 ಚಮಚ ಬ್ಯಾಡಗಿ ಖಾರದ ಪುಡಿ, 4 ಟೊಮೆಟೊ, ಉಪ್ಪು. ಬ್ಯಾಡಗಿ ಬಣ್ಣಕ್ಕೆ. ಖಾರ ಜಾಸ್ತಿ ಬೇಕಾದವರು ಗುಂಟೂರು ಅರ್ಧ ಚಮಚ ಸೇರಿಸಿ.

ರಾಜ್ಮಾ, ಒಂದು ಲೋಟ ನೀರು ಹಾಕಿ ಸಣ್ಣ ಉರಿಯಲ್ಲಿ 25 ನಿಮಿಷ ಕುದಿಸಿ. ಸೀಟಿ ಬೇಡ, ಸುಮ್ನೆ ತಟ್ಟೆ ಮುಚ್ಚಿದರೆ ಸಾಕು. ಕೊನೆಗೆ ನಿಂಬೆಹಣ್ಣು, ಕೊತ್ತಂಬರಿ.

ಬಿಸಿ ಜೋಳದ ರೊಟ್ಟಿ ಜೊತೆ ಊಟ ಮಾಡಿ. ಖಡಕ್ ರೊಟ್ಟಿ ಮುರಿದು ಮೇಲೆ ಉದುರಿಸಿದರೂ ತುಂಬಾ ಚೆನ್ನ.